ಮ್ಯಾಜಿಸ್ಟ್ರೇಟರ ಮುಂದೆಯೋ, ಜ್ಯೂರಿಯ ಮುಂದೆಯೋ?

ಇಂಗ್ಲೆಂಡಿನಲ್ಲಿ ಕಳ್ಳತನದಂತಹ ಆರೋಪವನ್ನು ಅಲ್ಲಗಳೆಯುವ ವಯಸ್ಕನಿಗೆ, ಮ್ಯಾಜಿಸ್ಟ್ರೇಟರು ತಾವೇ ವಿಚಾರಿಸಲು ಒಪ್ಪಿದರೂ, ಮೇಲಿನ ಹಂತದ ಕ್ರೌನ್ ಕೋರ್ಟಿನಲ್ಲಿ ಜ್ಯೂರಿ (ತೀರ್ಪು ಕೊಡುವ ಸಾಮಾನ್ಯ ನಾಗರಿಕರ ಮಂಡಳಿ) ವಿಚಾರಣೆ ಕೇಳುವ ಹಕ್ಕು ಬಹುಕಾಲದಿಂದ ಇದೆ. ಅದನ್ನು ತೆಗೆದುಹಾಕುವ ಪ್ರಸ್ತಾವವನ್ನು ಸರ್ಕಾರ 2025ರಲ್ಲಿ ಮುಂದಿಟ್ಟಿತು.

ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಾಮಾನ್ಯವಾಗಿ ಸಂಬಳವಿಲ್ಲದೆ ಸೇವೆ ಸಲ್ಲಿಸುವ ಮೂವರು ನಾಗರಿಕರು, ಇಲ್ಲವೇ ಒಬ್ಬ ಜಿಲ್ಲಾ ನ್ಯಾಯಾಧೀಶರು ತೀರ್ಪು ಕೊಡುತ್ತಾರೆ. ವಿಚಾರಣೆ ಬೇಗ ಮುಗಿಯುತ್ತದೆ, ತೀರ್ಪಿಗೆ ಕಾರಣವನ್ನೂ ಹೇಳುತ್ತಾರೆ. ಶಿಕ್ಷೆಗೆ ಮಿತಿಯಿದೆ; ಆದರೆ ಅದು ಸಾಲದೆನಿಸಿದರೆ ಶಿಕ್ಷೆಗಾಗಿ ಪ್ರಕರಣವನ್ನು ಕ್ರೌನ್ ಕೋರ್ಟಿಗೆ ಕಳುಹಿಸಬಹುದು ಎಂಬುದನ್ನು ಅನೇಕರು ಮರೆಯುತ್ತಾರೆ.

ಜ್ಯೂರಿಯ ದಾರಿ ಬೇರೆ. 18ರಿಂದ 75 ವರ್ಷದವರನ್ನು ಮತದಾರರ ಪಟ್ಟಿಯಿಂದ ಯಾದೃಚ್ಛಿಕವಾಗಿ ಕರೆಸಿ, ನ್ಯಾಯಾಲಯದ ಗುಮಾಸ್ತರು ಹೆಸರಿನ ಚೀಟಿಗಳನ್ನು ಕಲಸಿ ಒಂದೊಂದಾಗಿ ಕೂಗುತ್ತಾರೆ. ಹನ್ನೆರಡು ಮಂದಿ ಒಬ್ಬೊಬ್ಬರಾಗಿ ಪ್ರಮಾಣ ಸ್ವೀಕರಿಸುತ್ತಾರೆ. ಕಾರಣ ಕೊಡದೆ ಒಬ್ಬರನ್ನು ಬೇಡವೆನ್ನುವ ಅಧಿಕಾರವನ್ನು 1988ರ ಕಾಯಿದೆ ಆರೋಪಿಯಿಂದ ಕಿತ್ತುಕೊಂಡಿದ್ದರಿಂದ, ಅಮೆರಿಕದಲ್ಲಿರುವಂತೆ ಜ್ಯೂರಿಯನ್ನು ಆರಿಸಿಕೊಳ್ಳಲಾಗದು. ಕಾನೂನನ್ನು ನ್ಯಾಯಾಧೀಶರು ವಿವರಿಸುತ್ತಾರೆ, ನಡೆದದ್ದೇನೆಂದು ಜ್ಯೂರಿ ನಿರ್ಧರಿಸುತ್ತದೆ. ಸಂದೇಹ ಬಂದರೆ ಚೀಟಿ ಬರೆದು ಕಳುಹಿಸುತ್ತದೆ. ಮೊದಲು ಒಮ್ಮತವೇ ಬೇಕು. ಕನಿಷ್ಠ ಎರಡು ಗಂಟೆ ಕಳೆದ ಮೇಲಷ್ಟೇ 10–2ರ ಬಹುಮತಕ್ಕೆ ಅನುಮತಿ ಸಿಗಬಹುದು. ಕಾರಣ ಮಾತ್ರ ಹೊರಬರುವುದಿಲ್ಲ.

ಯಾರ ಮಾತು ನಂಬಲರ್ಹ ಎಂಬುದರ ಮೇಲೆಯೇ ಪ್ರಕರಣ ನಿಂತಿದ್ದರೆ, ಹನ್ನೆರಡು ಬದುಕುಗಳ ಅನುಭವ ಒಟ್ಟಾಗಿ ತೂಗುವ ಜ್ಯೂರಿಯನ್ನೇ ನಾನು ಮೇಲೆಂದು ನಂಬುತ್ತೇನೆ. ಆದರೆ ಕ್ರೌನ್ ಕೋರ್ಟಿನಲ್ಲಿ ಬಾಕಿ ಪ್ರಕರಣಗಳು ವಿಪರೀತವಾಗಿರುವುದರಿಂದ ಕಾಯುವಿಕೆ ವರ್ಷ ದಾಟಬಹುದು, ಸೋತರೆ ಭರಿಸಬೇಕಾದ ವೆಚ್ಚವೂ ಸಾಮಾನ್ಯವಾಗಿ ಅಲ್ಲಿಯೇ ಹೆಚ್ಚು.