ಹೊರಾಂಗಣ ಇಇಜಿ: ಜೆಲ್, ಉಪ್ಪುನೀರು, ಡ್ರೈ, ಯಾವುದು ಯಾವಾಗ?

ನಡೆಯುತ್ತಿರುವವರ ಇಇಜಿ (ನೆತ್ತಿಯ ಮೇಲೆ ಎಲೆಕ್ಟ್ರೋಡ್ ಎಂಬ ಸಂವೇದಕಗಳನ್ನಿಟ್ಟು ಮಿದುಳಿನ ವಿದ್ಯುತ್ ಸಿಗ್ನಲ್ ದಾಖಲಿಸುವುದು) ಬೇಕಿದ್ದರೆ ಜೆಲ್ ಕ್ಯಾಪನ್ನೇ ಆರಿಸಿ; ಇದು ಎಲೆಕ್ಟ್ರೋಡ್ ಮತ್ತು ಚರ್ಮದ ನಡುವೆ ಜೆಲ್ ತುಂಬುವ ಟೋಪಿ. 32 ಚಾನೆಲ್ (ಎಲೆಕ್ಟ್ರೋಡ್) ಕೂರಿಸಲು ಅರ್ಧ ಗಂಟೆಯಾದರೂ ಹಿಡಿಯುತ್ತದೆ, ಕೊನೆಗೆ ತಲೆ ತೊಳೆಯಲೇಬೇಕು. ಆದರೆ ಇಂಪೀಡೆನ್ಸ್ (ಚರ್ಮ ಮತ್ತು ಎಲೆಕ್ಟ್ರೋಡ್ ನಡುವಿನ ವಿದ್ಯುತ್ ತಡೆ; ಕಡಿಮೆಯಿದ್ದಷ್ಟೂ ಒಳ್ಳೆಯದು) 10 ಕಿಲೋಓಮ್‌ಗಿಂತ ಕೆಳಗಿಳಿದು ಕೆಲವು ಗಂಟೆ ಹಾಗೇ ನಿಲ್ಲುತ್ತದೆ. ಜೆಲ್ ಅತಿಯಾದರೆ ಪಕ್ಕದ ಎಲೆಕ್ಟ್ರೋಡ್‌ಗೆ ಹರಿದು, ಎರಡೂ ಒಂದೇ ಸಿಗ್ನಲ್ ತೋರಿಸುತ್ತವೆ.

ಉಪ್ಪುನೀರಿನ ಸ್ಪಂಜು ಬೇಗ ಸಿದ್ಧವಾಗುತ್ತದೆ, ಬಿಸಿಲುಗಾಳಿಗೆ ಅಷ್ಟೇ ಬೇಗ ಒಣಗುತ್ತದೆ. ಪ್ರಯೋಗ ಒಂದು ಗಂಟೆ ಮೀರುವುದಾದರೆ ನಡುವೆ ಮತ್ತೆ ಉಪ್ಪುನೀರು ಹನಿಸಲು ವಿರಾಮವಿರಲಿ.

ಜೆಲ್ಲೂ ನೀರೂ ಬೇಡದ ಡ್ರೈ ಎಲೆಕ್ಟ್ರೋಡ್ ಜಾಹೀರಾತಿನಲ್ಲಿ ಬಲು ಚೆಂದ! ಇಂಪೀಡೆನ್ಸ್ ಸಾಮಾನ್ಯವಾಗಿ ನೂರಾರು ಕಿಲೋಓಮ್. ಹೆಜ್ಜೆ ಹೆಜ್ಜೆಗೂ ಎಲೆಕ್ಟ್ರೋಡಿನ ಕಡ್ಡಿ ಚರ್ಮದ ಮೇಲೆ ಜಾರಿ, ಡೆಲ್ಟಾ ಪಟ್ಟಿಯಲ್ಲೇ (ಮಿದುಳಿನ ಅತಿ ನಿಧಾನ ಅಲೆಗಳ ವ್ಯಾಪ್ತಿಯಲ್ಲೇ) ಗದ್ದಲ ಎಬ್ಬಿಸುತ್ತದೆ. ಅದನ್ನು ಫಿಲ್ಟರ್ ಮಾಡಿದರೆ ಬೇಕಾದ ನಿಧಾನ ಅಲೆಗಳೂ ಹೋಗುತ್ತವೆ. ಕೂತು ಮಾಡುವ ಚಿಕ್ಕ ಪ್ರಯೋಗಕ್ಕೆ ಸಾಕು. ಬಿಗಿ ಮಾಡಿದರೆ ನೆತ್ತಿ ನೋಯುತ್ತದೆ.

ದಿನವಿಡೀ ದಾಖಲಿಸಬೇಕೇ? ಕಿವಿಯ ಸುತ್ತ ಅಂಟಿಸುವ ಎಲೆಕ್ಟ್ರೋಡ್ ಪಟ್ಟಿ ನೋಡಿ; ನೆತ್ತಿಯ ಮಧ್ಯಭಾಗದ ಸಿಗ್ನಲ್ ಅದರಲ್ಲಿ ದುರ್ಬಲ.

ಯಾವುದೇ ಆಗಲಿ, ಆಂಪ್ಲಿಫೈಯರ್ (ಸಿಗ್ನಲ್ ಹಿಗ್ಗಿಸುವ ಸಾಧನ) ತಲೆಯ ಹಿಂಭಾಗದಲ್ಲೇ ಇರಲಿ, ಕೇಬಲ್ ಗಿಡ್ಡದಾಗಿರಲಿ. ತೂಗಾಡುವ ಕೇಬಲ್ಲೂ ಗದ್ದಲವೇ. ಬ್ಲೂಟೂತ್‌ನಲ್ಲಿ ದತ್ತಾಂಶದ ಪ್ಯಾಕೆಟ್ ತಪ್ಪಿಹೋಗಬಹುದು, ಆದ್ದರಿಂದ ಸಾಧನದೊಳಗಿನ ಮೆಮೊರಿ ಕಾರ್ಡಿನಲ್ಲೂ ದಾಖಲಿಸಿ. ಪ್ರಚೋದನೆಯ ಮಾರ್ಕರ್ (ತೋರಿಸಿದ ಚಿತ್ರ, ಕೇಳಿಸಿದ ಶಬ್ದ ಯಾವಾಗ ಬಂತೆಂಬ ಗುರುತು) ಇಇಜಿ ದಾಖಲೆಯ ಗಡಿಯಾರಕ್ಕೇ ಹೊಂದಿದೆಯೇ ಎಂದು ಮೊದಲೇ ಪರೀಕ್ಷಿಸಿ.