ತಡೆತಡೆದು ಓಡುವ ವಿಡಿಯೊಗೆ ಎಂಪಿವಿ ಪ್ಲೇಯರಿನ ನೆರವು

ಟಿವಿಗೆ ಜೋಡಿಸಿದ ನನ್ನ ಲಿನಕ್ಸ್ ಕಂಪ್ಯೂಟರಿನಲ್ಲಿ 1080ಪಿ ಚಿತ್ರಗಳು ತಡೆತಡೆದು ಓಡುತ್ತಿದ್ದ ಕಾರಣವನ್ನು ಪತ್ತೆಹಚ್ಚಲು ನೆರವಾದದ್ದು ಎಂಪಿವಿ ಎಂಬ ಉಚಿತ, ಮುಕ್ತ ತಂತ್ರಾಂಶ. ಚಿತ್ರ ಓಡುತ್ತಿರುವಾಗಲೇ ‘ಐ’ ಕೀಲಿಯನ್ನು ಒತ್ತಿದರೆ ಕೋಡೆಕ್ (ವಿಡಿಯೊವನ್ನು ಕುಗ್ಗಿಸಿಟ್ಟ ವಿಧಾನ) ಯಾವುದು, ಅದನ್ನು ಬಿಡಿಸುವ ಡಿಕೋಡಿಂಗ್ ಕೆಲಸವನ್ನು ಹಾರ್ಡ್‌ವೇರ್, ಅಂದರೆ ಗ್ರಾಫಿಕ್ಸ್ ಚಿಪ್, ಮಾಡುತ್ತಿದೆಯೇ, ಎಷ್ಟು ಫ್ರೇಮುಗಳು (ವಿಡಿಯೊದ ಬಿಡಿ ಚಿತ್ರಗಳು) ಬಿಟ್ಟುಹೋಗಿವೆ ಎಂಬ ವಿವರಗಳು ಪರದೆಯ ಮೇಲೆ ಮೂಡುತ್ತವೆ. ಊಹೆಯಿಂದ ಪರದಾಡುವುದನ್ನು ತಪ್ಪಿಸುವ ಈ ಒಂದು ಸೌಲಭ್ಯಕ್ಕಾಗಿಯೇ ನಾನು ಇದನ್ನು ಮನಸಾರೆ ಮೆಚ್ಚುತ್ತೇನೆ.

ನನ್ನ ಯಂತ್ರದಲ್ಲಿ ಡಿಕೋಡಿಂಗನ್ನು ಗ್ರಾಫಿಕ್ಸ್ ಚಿಪ್‌ಗೆ ವಹಿಸಲು ಬೇಕಾದ ವಿಎ-ಎಪಿಐ ಡ್ರೈವರ್ ಇರಲಿಲ್ಲವಾದ್ದರಿಂದ ಇಡೀ ಭಾರ ಪ್ರೊಸೆಸರಿನ ಮೇಲೆ ಬೀಳುತ್ತಿತ್ತು. ಅದನ್ನು ಹಾಕಿಕೊಂಡು, ಎಂಪಿವಿಯ ಸೆಟ್ಟಿಂಗ್ ಕಡತದಲ್ಲಿ ಹಾರ್ಡ್‌ವೇರ್ ಡಿಕೋಡಿಂಗನ್ನು ಚಾಲನೆಗೊಳಿಸಿದ ಮೇಲೆ ಫ್ರೇಮುಗಳು ಬಿಟ್ಟುಹೋಗುವುದು ನಿಂತಿತು. ಈ ಆಯ್ಕೆ ಮೊದಲಿನಿಂದ ಸಕ್ರಿಯವಾಗಿರುವುದಿಲ್ಲ ಎಂಬುದನ್ನು ಹೊಸಬರು ಗಮನಿಸಬೇಕು.

ಆದರೂ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ತಿರುಗುವ ದೃಶ್ಯಗಳಲ್ಲಿ ಸಣ್ಣ ಕುಲುಕಾಟ ಉಳಿದಿತ್ತು. ಸೆಕೆಂಡಿಗೆ 24 ಫ್ರೇಮುಗಳ ಚಿತ್ರವನ್ನು 60 ಹರ್ಟ್ಸ್ ಪರದೆಯಲ್ಲಿ (ಸೆಕೆಂಡಿಗೆ 60 ಬಾರಿ ಚಿತ್ರ ಹೊಸದಾಗಿ ಮೂಡುವ ಪರದೆ) ತೋರಿಸುವಾಗ ಒಂದು ಫ್ರೇಮು ಎರಡು ಬಾರಿ, ಮುಂದಿನದು ಮೂರು ಬಾರಿ ಕಾಣಿಸಿಕೊಳ್ಳುವುದೇ ಅದಕ್ಕೆ ಕಾರಣ. ಪರದೆಯ ವೇಗವನ್ನು ಎಂಪಿವಿ ತಾನಾಗಿ ಬದಲಿಸುವುದಿಲ್ಲ, ಕೋಡಿ ಎಂಬ ಇನ್ನೊಂದು ಪ್ಲೇಯರಿನಲ್ಲಿ ಅದಕ್ಕೊಂದು ಸೆಟ್ಟಿಂಗ್ ಇದೆ. ನಾನು ಟಿವಿಯನ್ನು 24 ಹರ್ಟ್ಸ್‌ಗೆ ಹೊಂದಿಸಿಕೊಂಡು ನೋಡುತ್ತಿದ್ದೇನೆ.