ಪುಡಿ ಕೊಟ್ಟು "ಮಾತ್ರೆ ಬಿಡಿ" ಅನ್ನುವವರನ್ನು ನಂಬಬೇಡಿ

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಆ ಮನುಷ್ಯ ಇನ್ನೂ ನಮ್ಮ ಬಡಾವಣೆಯ ಪಾರ್ಕ್ ಗೇಟಿನ ಹತ್ತಿರ ಮೇಜು ಹಾಕಿಕೊಂಡು ಕೂತಿದ್ದಾನೆ. ನಿನ್ನೆ ಕಣ್ಣಾರೆ ನೋಡಿದೆ.

ಅಪ್ಪನಿಗೆ 64 ವರ್ಷ. ಹನ್ನೊಂದು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್, ಜೊತೆಗೆ ಗ್ಲಿಮೆಪಿರೈಡ್ ತಗೊಳ್ಳುತ್ತಿದ್ದರು. ಖಾಲಿ ಹೊಟ್ಟೆಯಲ್ಲಿ 130, 140ರ ಆಸುಪಾಸು ಇರುತ್ತಿತ್ತು. ಮಾತ್ರೆ ತಿಂದು ತಿಂದು ಕಿಡ್ನಿ ಹೋಗುತ್ತೆ ಅನ್ನೋದೊಂದೇ ಅವರ ಭಯ. ಆ ಭಯವನ್ನೇ ಅವನು ಹಿಡಿದುಕೊಂಡ.

ಮೇಜಿನ ಮೇಲೆ ಒಣಗಿದ ನೇರಳೆ ಬೀಜ, ಅಮೃತಬಳ್ಳಿ ಕಡ್ಡಿ, ಹೊನ್ನೆ ಮರದ ಲೋಟ, ಪಕ್ಕದ ಕುಂಡದಲ್ಲಿ ಮಧುನಾಶಿನಿ ಬಳ್ಳಿ. ಎರಡು ಎಲೆ ಕಿತ್ತು ಅಪ್ಪನ ಕೈಗಿಟ್ಟ. "ಚೆನ್ನಾಗಿ ಅಗೀರಿ ಯಜಮಾನ್ರೇ." ಅಪ್ಪ ಕಹಿಗೆ ಮುಖ ಕಿವುಚಿದರು. ಸ್ವಲ್ಪ ಹೊತ್ತು ಬಿಟ್ಟು ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಸಿದ. ಅಪ್ಪ ಕಣ್ಣರಳಿಸಿ ನನ್ನ ಕಡೆ ತಿರುಗಿದರು. "ಮರಳು ತಿಂದ ಹಾಗಿದೆ ಕಣಮ್ಮ, ಸಿಹೀನೇ ಇಲ್ಲ!" ನಾನೂ ಅಗಿದೆ. ನನಗೂ ಮರಳೇ. "ನೋಡಿದ್ರಾ ಮೇಡಂ, ಬಾಯಲ್ಲೇ ಸಕ್ಕರೇನ ಕೊಂದು ಹಾಕ್ತು. ಇನ್ನು ರಕ್ತದಲ್ಲಿ ಬಿಡುತ್ತಾ?" ಅಂದ.

ಅಲ್ಲೇ ನಾನು ಬಿದ್ದೆ. ಮೂರು ತಿಂಗಳ ಪುಡಿಗೆ 4,800 ರೂಪಾಯಿ ಕೊಟ್ಟವಳು ನಾನು, ಅಪ್ಪ ಅಲ್ಲ.

ಆ ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲ ನಾಲಿಗೆಗೆ ಸಿಹಿ ಗೊತ್ತಾಗದ ಹಾಗೆ ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ ಅಂತ ಆಮೇಲೆ ಡಾಕ್ಟರ್ ಬಿಡಿಸಿ ಹೇಳಿದರು. ಸಕ್ಕರೆ ಎಲ್ಲೂ ಹೋಗಿರಲಿಲ್ಲ, ಹಾಗೇ ಹೊಟ್ಟೆಗೆ ಇಳಿದಿತ್ತು. ಶುಗರ್ ಇರುವ ಮನುಷ್ಯರಿಗೆ ಚಮಚ ತುಂಬ ಸಕ್ಕರೆ ತಿನ್ನಿಸಿ ಶುಗರ್ ಔಷಧಿ ಮಾರಿದ್ದ!

"ಹದಿನೈದು ದಿನ ಮಾತ್ರೆ ಜೊತೆ ತಗೊಳ್ಳಿ, ಆಮೇಲೆ ಮಾತ್ರೆ ಪೂರ್ತಿ ಬಿಟ್ಟುಬಿಡಿ" ಅಂದಿದ್ದ. ಬಿಟ್ಟೆವು. ಹತ್ತೇ ದಿನಕ್ಕೆ ಅಪ್ಪ ರಾತ್ರಿ ಐದಾರು ಸಲ ಮೂತ್ರಕ್ಕೆ ಏಳೋಕೆ ಶುರು ಮಾಡಿದರು. ಬಾಯಾರಿಕೆ, ಸುಸ್ತು. ಫೋನ್ ಮಾಡಿದೆ. "ಒಳಗಿನ ವಿಷ ಹೊರಗೆ ಹೋಗ್ತಾ ಇದೆ ಮೇಡಂ, ಒಳ್ಳೇ ಲಕ್ಷಣ." ಗ್ಲೂಕೋಮೀಟರಿನಲ್ಲಿ 290 ಬಂದಿದ್ದನ್ನು ಫೋಟೋ ತೆಗೆದು ಕಳಿಸಿದೆ. "ಮಿಷಿನ್ ನೋಡ್ಬೇಡಿ, ನಂಬಿಕೆ ಇಡಿ." ಇನ್ನೊಂದು ವಾರಕ್ಕೆ 412. ಚಪ್ಪಲಿ ಉಜ್ಜಿ ಎಡಗಾಲಿನ ಹೆಬ್ಬೆರಳಿಗೆ ಆಗಿದ್ದ ಸಣ್ಣ ಗಾಯ ಕೀವು ಕಟ್ಟಿತ್ತು. ನಾಲ್ಕು ದಿನ ಆಸ್ಪತ್ರೆ, ಇನ್ಸುಲಿನ್.

ದುಡ್ಡು ವಾಪಸ್ ಕೊಡಿ ಅಂದರೆ ಏನಂದ ಗೊತ್ತಾ? "ನಿಮ್ಮಪ್ಪ ಪಥ್ಯ ಮಾಡಿಲ್ಲ." ಅವನು ಹೇಳಿದ ಅಂತ ಹಬ್ಬದ ದಿನವೂ ಒಬ್ಬಟ್ಟು ಮುಟ್ಟದೆ, ಮುದ್ದೆ ಸೊಪ್ಪಿನ ಸಾರು ಉಂಡು ಎದ್ದವರು ನಮ್ಮಪ್ಪ. ಅವರು ಪಥ್ಯ ಮಾಡಿಲ್ಲವಂತೆ! ಆಮೇಲೆ ನನ್ನ ನಂಬರ್ ಬ್ಲಾಕ್ ಮಾಡಿದ.

ಆಸ್ಪತ್ರೆಯಿಂದ ಬಂದ ಮೇಲೆ ಡಬ್ಬಿ ತಿರುಗಿಸಿ ನೋಡಿದೆ. ಲೈಸೆನ್ಸ್ ನಂಬರ್ ಇಲ್ಲ, ಬ್ಯಾಚ್ ನಂಬರ್ ಇಲ್ಲ, ತಯಾರಿಸಿದ ತಾರೀಖು ಇಲ್ಲ. ಆಯುರ್ವೇದದ ಔಷಧಿಗೂ ಇವೆಲ್ಲ ಇರಲೇಬೇಕು. ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಜಾಹೀರಾತು ಕೊಡಬಾರದು ಅಂತ 1954ರಿಂದಲೇ ಕಾಯ್ದೆ ಇದೆ. ಅವನ ಬ್ಯಾನರ್ ಮೇಲೆ ಕೆಂಪಕ್ಷರದಲ್ಲಿ ಇದ್ದಿದ್ದೇ ಅದು. ನಾನು ಇದನ್ನೆಲ್ಲ ಮೊದಲೇ ನೋಡಬೇಕಿತ್ತು. ನೋಡಲಿಲ್ಲ.

ಗಿಡಮೂಲಿಕೆ ಮೇಲೆ ನನಗೆ ಕೋಪ ಇಲ್ಲ. ಅಮ್ಮ ಈಗಲೂ ರಾತ್ರಿ ಮೆಂತ್ಯ ನೆನೆಸಿಡುತ್ತಾರೆ, ವಾರಕ್ಕೆರಡು ಸಲ ಹಾಗಲಕಾಯಿ ಪಲ್ಯ ಮಾಡುತ್ತಾರೆ. ಡಾಕ್ಟರ್ ಬೇಡ ಅನ್ನಲಿಲ್ಲ. ಆದರೆ ಮಾತ್ರೆ ನೀವಾಗೇ ನಿಲ್ಲಿಸಬೇಡಿ, ಏನೇ ಪುಡಿ, ಕಷಾಯ ತಗೊಂಡರೂ ನನಗೆ ಹೇಳಿ ಅಂದರು. ಕೆಲವು ಮೂಲಿಕೆ ಮಾತ್ರೆ ಜೊತೆ ಸೇರಿ ಶುಗರ್ 70ಕ್ಕಿಂತ ಕೆಳಗೆ ಇಳಿದರೆ ಬೆವರು, ನಡುಕ ಬಂದು ತಲೆ ಸುತ್ತಿ ಬೀಳಬಹುದಂತೆ.

ನಿನ್ನೆ ಅವನ ಮುಂದೆ ಇನ್ನೊಬ್ಬರು ವಯಸ್ಸಾದವರು ಎಲೆ ಅಗಿಯುತ್ತಾ ನಿಂತಿದ್ದರು. ನಾನು ಹತ್ತಿರ ಹೋಗಿ ಅಪ್ಪನ ಕಥೆ ಹೇಳಿದೆ. "ಈ ಮೇಡಂನ ನಾನು ನೋಡೇ ಇಲ್ಲ" ಅಂದುಬಿಟ್ಟ. ದುಡ್ಡು ಕಳಿಸಿದ ಮೆಸೇಜ್ ತೋರಿಸಿದ ಮೇಲೆ ಆ ಹಿರಿಯರು ಚಮಚ ಕೆಳಗಿಟ್ಟು ಹೊರಟರು.

ಸೋಮವಾರ ಆಯುಷ್ ಇಲಾಖೆಗೆ ದೂರು ಕೊಡುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಎಸೆಯಬೇಡಿ, ಹಾಗೇ ಎತ್ತಿಟ್ಟುಕೊಳ್ಳಿ. ದುಡ್ಡು ಕೊಟ್ಟ ಮೆಸೇಜನ್ನೂ ಅಳಿಸಬೇಡಿ.